ಹಯಾತ್ ಸಾಬರು ನೋಡುತ್ತಿದ್ದ ಪಾದಗಳು

ಹೆಗಲಿಗೆ ಹತ್ತಿ ಹಿಂಜುವ ಬಿಲ್ಲು, ಕೈಯಲ್ಲಿ ಮರದ ಕೊಡತಿ. ದಾವಣಗೆರೆಯ ಓಣಿಗಳಲ್ಲಿ ನಡೆಯುವಾಗ ಹಯಾತ್ ಸಾಬರು ಬಿಲ್ಲಿನ ನರವನ್ನು ಬೆರಳಿನಿಂದ ಮೀಟುತ್ತಿದ್ದರು. ಆ ಸದ್ದಿಗೆ ಗಾದಿ ಗಂಟುಗಟ್ಟಿದ ಮನೆಯವರು ಬಾಗಿಲಿಗೆ ಬರುತ್ತಿದ್ದರು, ಮಕ್ಕಳು ಬೆನ್ನು ಹತ್ತುತ್ತಿದ್ದರು. ಪಿಂಜಾರ ಕೆಲಸದವರ ಕಣ್ಣು ಸಾಮಾನ್ಯವಾಗಿ ಬಾಗಿಲುಗಳ ಮೇಲಿರುತ್ತದೆ. ಆದರೆ ೧೯೫೮ರ ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ ಹಯಾತ್ ಸಾಬರ ಕಣ್ಣು ಇದ್ದದ್ದು ಮಕ್ಕಳ ಪಾದಗಳ ಮೇಲೆ. ಹಿಮ್ಮಡಿ, ಕಣಕಾಲು, ಮೀನಖಂಡ. ಯಾವುದಾದರೂ ಮಗು ಕಾಲು ತುರಿಸಿಕೊಂಡರೆ ಅವರು ಅಲ್ಲೇ ನಿಂತುಬಿಡುತ್ತಿದ್ದರು.

ಅವರು ಕುಷ್ಟಗಿ ಕಡೆಯವರು, ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದು ಜನ ಮೊಗಲಾಯಿ ಎನ್ನುತ್ತಿದ್ದ ಸೀಮೆ. ರಾಜ್ಯ ಒಂದಾಗಿ ಆರು ತಿಂಗಳು ಕಳೆದಿತ್ತು, ಆಗ ಹೆಂಡತಿ ಸುಗ್ರಾಬಿ ಮತ್ತು ಏಳು ವರ್ಷದ ಮಗಳು ಸಿದ್ದೀಕಾಳನ್ನು ಕರೆದುಕೊಂಡು ದಾವಣಗೆರೆಗೆ ಬಂದರು. ತಮ್ಮ ಊರಿನಲ್ಲಿ ಹತ್ತಿ ಬಿಡಿಸುವ ಜಿನ್ ಯಂತ್ರ ಬಂದು ಕೈಬಿಲ್ಲಿನ ಕೆಲಸ ಕಡಿಮೆಯಾಗಿತ್ತು. ದಾವಣಗೆರೆಯಲ್ಲಿ ಮಿಲ್ಲುಗಳಿದ್ದವು, ಮಿಲ್ಲಿನಲ್ಲಿ ದುಡಿಯುವವರಿಗೆ ಮಲಗಲು ಗಾದಿ ಬೇಕಿತ್ತು. ಲೆಕ್ಕ ಸರಿಯಾಗಿತ್ತು, ಬಂದ ವಾರದಲ್ಲೇ ಕೈತುಂಬ ಕೆಲಸ ಸಿಕ್ಕಿತು.

ಅವರಿಗೆ ಮನೆ ಸಿಕ್ಕಿದ್ದು ಏಕಾಂತಪ್ಪನವರ ವಠಾರದಲ್ಲಿ. ಎದುರುಬದುರಾಗಿ ಎರಡು ಸಾಲು ಕೋಣೆಗಳು, ನಡುವೆ ಅಂಗಳ, ಹಿಂದೆ ಕಲ್ಲು ಕಟ್ಟಿದ ಹಳೆಯ ಮೆಟ್ಟಿಲು ಬಾವಿ. ಪೇಟೆಯ ದೊಡ್ಡ ಬೀದಿಗೆ ನಲ್ಲಿ ಬಂದಿತ್ತು, ಈ ಓಣಿಗೆ ಬಂದಿರಲಿಲ್ಲ. ಮೂಡಲ ಸಾಲಿನಲ್ಲಿ ದಾವಣಗೆರೆಯಲ್ಲೇ ಹುಟ್ಟಿ ಬೆಳೆದವರಿದ್ದರು, ಪಡುವಲ ಸಾಲಿನಲ್ಲಿ ಬಂದು ಸೇರಿದವರು. ಯಾರೂ ಹೀಗೆ ಹಂಚಿರಲಿಲ್ಲ. ಹಿಂಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುವ ಪಡುವಲ ಸಾಲಿಗೆ ಬಾಡಿಗೆ ಕಡಿಮೆ ಇತ್ತು, ಅಷ್ಟೇ.

ಬಾಡಿಗೆ ಮಾತಾಡುವ ದಿನ ಏಕಾಂತಪ್ಪನವರು ಒಂದೇ ಮಾತು ಕೇಳಿದ್ದರು. "ಮೊಗಲಾಯಿ ಕಡೆಯಿಂದ ಬಂದೀರಿ. ರೋಗ ರುಜಿನ ಏನೂ ತಂದಿಲ್ಲ ತಾನೆ?"

"ಇಲ್ರಿ ಯಜಮಾನ್ರ. ಬಿಲ್ಲು, ಕೊಡತಿ, ಇವ್ರಿಬ್ರು. ಇಷ್ಟ ತಂದೀನ್ರಿ" ಎಂದು ಹಯಾತ್ ಸಾಬರು ನಕ್ಕಿದ್ದರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

ಎದುರು ಸಾಲಿನ ಕಮಲಕ್ಕನ ಗಂಡ ಕುಬೇರಪ್ಪ ಮಿಲ್ಲಿನ ನೂಲಿನ ಖಾತೆಯಲ್ಲಿದ್ದ. ಅವರ ಮಗಳು ಉಮಾಮಹೇಶ್ವರಿಗೆ ಸಿದ್ದೀಕಾಳಷ್ಟೇ ವಯಸ್ಸು. ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ಒಂದೇ ವಯಸ್ಸಿನವರೆಂದು ಯಾರೂ ಹೇಳುತ್ತಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ಸಿದ್ದೀಕಾಳ ತೋಳು ಗಟ್ಟಿಯಾಗಿತ್ತು, ಹಲ್ಲು ಒಂದೂ ಹುಳುಕಾಗಿರಲಿಲ್ಲ. ಉಮಾ ಬೆಳಗಾದರೆ ಚಹಾದಲ್ಲಿ ಬನ್ ಅದ್ದಿ ತಿನ್ನುತ್ತಿದ್ದಳು. ತಿಂಗಳು ತಪ್ಪದೆ ಅವಳಿಗೆ ನೆಗಡಿ, ಕೆಮ್ಮು, ಜ್ವರ ಬರುತ್ತಿದ್ದವು.

"ಏನವ್ವ ಸುಗ್ರಾಬಿ, ನಿನ್ ಮಗಳು ಎಮ್ಮೆ ಕರು ಆದಂಗೆ ಆಗ್ಯಾಳೆ. ನಮ್ಮದು ನೋಡು, ಗಾಳಿಪಟ" ಎಂದು ಕಮಲಕ್ಕ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು.

"ಒಂದ್ ತಿಂಗ್ಳು ನಮ್ಮನ್ಯಾಗ ಬಿಡ್ರಿ ಕಮಲಕ್ಕ. ರೊಟ್ಟಿ ತಿನಿಸ್ತೀನಿ."

"ಬಿಟ್ಟೇನು. ಆಮೇಲೆ ಮನಿಗೆ ಬರಲ್ಲ ಅಂತಾಳೆ, ನಿನ್ನ ಗಂಡನ ಬಿಲ್ಲಿಗೇ ಕಟ್ಟಿ ಹೊತ್ಕೊಂಡು ಬರ್ಬೇಕಾಗ್ತದೆ."

ಶಾಲೆಗೆ ಪುರಸಭೆಯ ಡಾಕ್ಟರು ಬಂದು ಮಕ್ಕಳನ್ನು ನೋಡಿದಾಗಲೂ ಇದೇ ಮಾತು ಬೇರೆ ರೀತಿಯಲ್ಲಿ ಬಂತು. ಇಲ್ಲೇ ಹುಟ್ಟಿದ ಮಕ್ಕಳ ತೋಳುಗಳಲ್ಲೆಲ್ಲ ಸಿಡುಬಿನ ಚುಚ್ಚುಮದ್ದಿನ ಗುರುತಿತ್ತು, ಮೈಯಲ್ಲಿ ಮಾತ್ರ ಮಾಂಸವಿರಲಿಲ್ಲ. ಹೊರಗಿನಿಂದ ಬಂದ ಮಕ್ಕಳ ಎಲುಬು ಗಟ್ಟಿಯಾಗಿತ್ತು, ತೋಳು ಮಾತ್ರ ಬರಿದು. ಡಾಕ್ಟರು ಸಿದ್ದೀಕಾಳಿಗೆ ಅಲ್ಲೇ ಸಿಡುಬಿನ ಮದ್ದು ಚುಚ್ಚಿಸಿದರು. "ಈ ಮಗುವನ್ನು ಹಳ್ಳಿ ಚೆನ್ನಾಗಿ ಸಾಕಿದೆ. ಇನ್ನು ಪೇಟೆ ಏನು ಮಾಡುತ್ತೋ ನೋಡಬೇಕು" ಎಂದು ಮೇಷ್ಟರಿಗೆ ಹೇಳಿದರಂತೆ. ವರ್ಷ ತುಂಬುವ ಹೊತ್ತಿಗೆ ಸಿದ್ದೀಕಾ ಕೂಡ ರೊಟ್ಟಿ ಬಿಟ್ಟು ಬನ್ ಕೇಳತೊಡಗಿದ್ದಳು. ಆದರೆ ಪೇಟೆ ಏನು ಮಾಡಿತೋ ಅದಕ್ಕಿಂತ ಮೊದಲು ಹಳ್ಳಿ ಮಾಡಿಟ್ಟಿದ್ದು ಹೊರಗೆ ಬಂತು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಸಿದ್ದೀಕಾಳ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಒಂದು ಬೊಕ್ಕೆ ಎದ್ದಿತು. ಸುಟ್ಟರೆ ಏಳುವಂಥ ಬೊಕ್ಕೆ. ಉರಿಯುತ್ತದೆ ಎಂದು ಅತ್ತಳು. ಸುಗ್ರಾಬಿ ಒಮ್ಮೆ ನೋಡಿದವಳೇ ಬಾಗಿಲು ಮುಂದೆ ಮಾಡಿದಳು.

"ನಾರು" ಎಂದಳು.

ನಾರುಹುಣ್ಣು ಅವರ ಸೀಮೆಯಲ್ಲಿ ನಾಚಿಕೆಯ ರೋಗವಲ್ಲ. ಬೇಸಿಗೆ ಬಂದರೆ ಮನೆಗೊಬ್ಬರು ಕಾಲು ಚಾಚಿ ಕೂತಿರುತ್ತಾರೆ. ದಾರದಂಥ ಬಿಳಿಯ ಹುಳ ಬೊಕ್ಕೆ ಒಡೆದು ತಲೆ ಹಾಕುತ್ತದೆ. ಅದನ್ನು ಹತ್ತಿಯ ಬತ್ತಿಗೆ ಸುತ್ತಿ ದಿನಕ್ಕಿಷ್ಟು ಎಂದು ಹೊರಗೆ ಎಳೆಯಬೇಕು. ಅದು ಮೊಳದುದ್ದ ಇರುತ್ತದೆ, ಕೆಲವೊಮ್ಮೆ ಇನ್ನೂ ಉದ್ದ. ಹಯಾತ್ ಸಾಬರ ಕಾಲಿನಲ್ಲೂ ಎರಡು ಹಳೆಯ ಕಲೆಗಳಿದ್ದವು. ಹತ್ತಿ ಇವರ ಮನೆಯಲ್ಲಿ ಸದಾ ಇರುತ್ತಿದ್ದುದರಿಂದ ಊರಿನವರು ನಾರು ತೆಗೆಸಲು ಅವರ ತಂದೆಯ ಹತ್ತಿರವೇ ಬರುತ್ತಿದ್ದರು, ಆಮೇಲೆ ಇವರ ಹತ್ತಿರ. ದಾವಣಗೆರೆಯಲ್ಲಿ ಮಾತ್ರ ಯಾರ ಕಾಲಿನಲ್ಲೂ ಇದನ್ನು ಅವರು ಕಂಡಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಅದು ಅಲ್ಲೇ ಉಳಿಯಿತೆಂದು ಅವರು ತಿಳಿದಿದ್ದರು.

"ಏಕಾಂತಪ್ಪಗ ಗೊತ್ತಾದ್ರ ನಾಳೆ ಸಾಮಾನು ಬೀದ್ಯಾಗ ಇರ್ತಾವ" ಎಂದಳು ಸುಗ್ರಾಬಿ.

ಮಗುವಿಗೆ ಜ್ವರ ಎಂದು ಶಾಲೆಗೂ ವಠಾರಕ್ಕೂ ಹೇಳಿದರು. ಮಧ್ಯಾಹ್ನ ಉರಿ ಹೆಚ್ಚಾಯಿತು. ಸಿದ್ದೀಕಾ ಹಲ್ಲು ಕಚ್ಚಿ ನರಳುತ್ತಿದ್ದಳು. ಆ ನರಳಿಕೆ ಕೇಳಿ ಹಯಾತ್ ಸಾಬರಿಗೆ ತಮ್ಮ ಬಾಲ್ಯ ನೆನಪಾಯಿತು. ಊರಿನ ಬಾವಿಯ ಕೆಳಮೆಟ್ಟಿಲ ಮೇಲೆ ಕೂರಿಸಿ ಅವ್ವ ಅವರ ಕಾಲನ್ನು ನೀರಿಗೆ ಬಿಡುತ್ತಿದ್ದಳು. ನೀರು ತಾಗಿದೊಡನೆ ಉರಿ ಆರುತ್ತಿತ್ತು. ನಾರು ಬಂದ ಮಕ್ಕಳನ್ನೆಲ್ಲ ಅಲ್ಲಿ ಹಾಗೇ ಕೂರಿಸುತ್ತಿದ್ದರು. ಅದಕ್ಕಿಂತ ದೊಡ್ಡ ಉಪಚಾರ ಯಾರಿಗೂ ತಿಳಿದಿರಲಿಲ್ಲ.

ಗಂಡಸರು ಮಿಲ್ಲಿಗೆ ಹೋಗಿದ್ದರು, ಹೆಂಗಸರು ಬಿಸಿಲಿಗೆ ಒಳಗೆ ಮಲಗಿದ್ದರು. ಹಯಾತ್ ಸಾಬರು ಮಗಳನ್ನು ಎತ್ತಿಕೊಂಡು ಬಾವಿಯ ಮೆಟ್ಟಿಲಿಳಿದರು. ಬೇಸಿಗೆಗೆ ನೀರು ಆಳಕ್ಕೆ ಹೋಗಿತ್ತು. ಕೆಳಗಿನ ಮೆಟ್ಟಿಲ ಮೇಲೆ ಕೂತು ಅವಳ ಕಾಲನ್ನು ನೀರಿನಲ್ಲಿ ಇಟ್ಟರು. ಬೊಕ್ಕೆ ಒಡೆಯಿತು. ಹಾಲಿನ ಹನಿ ಬಿದ್ದಂತೆ ನೀರು ಒಂದಿಷ್ಟು ಬೆಳ್ಳಗಾಗಿ ತಿಳಿಯಾಯಿತು.

"ಹಾಯ್ ಅನಿಸ್ತು ಅಪ್ಪಾ" ಎಂದಳು ಸಿದ್ದೀಕಾ, ಅವರ ಎದೆಗೆ ತಲೆಯಾನಿಸಿ.

ಮರುದಿನ ನಾರಿನ ತಲೆ ಕಾಣಿಸಿತು. ಹಯಾತ್ ಸಾಬರು ಹತ್ತಿ ಹೊಸೆದು ಬತ್ತಿ ಮಾಡಿ ಅದಕ್ಕೆ ಸುತ್ತಿದರು. ದಿನಕ್ಕೆ ಎರಡು ಬೆರಳಿನಷ್ಟು ಬರುತ್ತಿತ್ತು. ಹೀಗೆ ಒಂದು ವಾರ ನಡೆಯಿತು. ಆಗ ಮೇಷ್ಟರು ಓಣಿಗೆ ಬಂದು, ಇಷ್ಟು ದಿನ ಜ್ವರ ಇರುವ ಮಗುವನ್ನು ಡಾಕ್ಟರಿಗೆ ತೋರಿಸಬೇಕು, ನಾಳೆ ಅವರನ್ನೇ ಕರೆದುಕೊಂಡು ಬರುತ್ತೇನೆ ಎಂದು ಏಕಾಂತಪ್ಪನವರ ಎದುರಿಗೇ ಹೇಳಿಹೋದರು. ಅವತ್ತು ಸಂಜೆಯೊಳಗೆ ನಾರು ಪೂರ್ತಿ ಹೊರಗೆ ಬರಲೇಬೇಕು ಎಂದು ಹಯಾತ್ ಸಾಬರು ತೀರ್ಮಾನಿಸಿದರು. ಊರಿನಲ್ಲಿ ಎಷ್ಟೋ ಜನರಿಗೆ ನಾರು ತೆಗೆದಿದ್ದ ಕೈ, ಅವಸರ ಮಾಡಬೇಡಿ ಎಂದು ಎಲ್ಲರಿಗೂ ಹೇಳಿದ್ದ ಬಾಯಿ. ಎರಡು ಬೆರಳಿನಷ್ಟರ ಬದಲು ಗೇಣುದ್ದ ಎಳೆದರು. ಅದು ಕಿತ್ತುಹೋಯಿತು. ಉಳಿದ ತುಂಡು ಒಳಗೆ ಸೇದಿಹೋಯಿತು.

ಬೆಳಗಾಗುವುದರೊಳಗೆ ಕಾಲು ಬಾತು ಮೊಣಕಾಲು ಮಡಚಿಕೊಂಡಿತು. ಮೇಷ್ಟರು ಬರುವವರೆಗೆ ಕಾಯಲಿಲ್ಲ. ಹಯಾತ್ ಸಾಬರು ತಾವೇ ಮಗಳನ್ನು ಗಾದಿ ಬಟ್ಟೆಯಲ್ಲಿ ಸುತ್ತಿ ಹೊತ್ತು ಡಾಕ್ಟರ ಹತ್ತಿರ ಓಡಿದರು.

ಡಾಕ್ಟರು ಕೀವು ತೆಗೆದು ಪಟ್ಟಿ ಕಟ್ಟಿದರು. ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

"ಎಷ್ಟು ದಿನ ಆಯ್ತು ನೀವು ಬಂದು?"

"ವರ್ಷಕ್ಕೆ ಬಂತ್ರಿ."

"ಹಾಗಾದರೆ ಇದು ಅಲ್ಲಿ ಕುಡಿದ ನೀರು. ವರ್ಷ ಒಳಗೇ ಬೆಳೆದು ಈಗ ಹೊರಗೆ ಬಂದಿದೆ. ಅದಕ್ಕೇ ನಿಮ್ಮ ಕಡೆಯಿಂದ ಬಂದ ಮಕ್ಕಳಲ್ಲಿ ಇದನ್ನ ನೋಡ್ತೀನಿ, ಇಲ್ಲೇ ಹುಟ್ಟಿದವರಲ್ಲಿ ಇಲ್ಲ." ಸ್ವಲ್ಪ ತಡೆದು ಕೇಳಿದರು. "ಬೊಕ್ಕೆ ಎದ್ದ ಮೇಲೆ ಈ ಕಾಲನ್ನ ಯಾವುದಾದರೂ ಬಾವಿಗೆ ಇಳಿಸಿದಳಾ?"

"ಯಾಕ್ರಿ?"

"ಕಾಲು ನೀರಿಗೆ ಇಳಿದರೆ ನಾರು ಮರಿ ಬಿಡುತ್ತೆ. ಕಣ್ಣಿಗೆ ಕಾಣೋದಿಲ್ಲ. ನೀರಿನಲ್ಲಿರೋ ಸಣ್ಣ ಹುಳ ಅದನ್ನ ನುಂಗುತ್ತೆ. ಒಂದೆರಡು ವಾರ ಆದಮೇಲೆ ಆ ನೀರನ್ನ ಬಟ್ಟೆಯಲ್ಲಿ ಸೋಸದೆ ಕುಡಿದವರಿಗೆಲ್ಲ, ಮುಂದಿನ ಬೇಸಿಗೆಗೆ, ಇದೇ."

ಹಯಾತ್ ಸಾಬರು ಡಾಕ್ಟರ ಮೇಜಿನ ಕಾಲನ್ನೇ ನೋಡುತ್ತ ಕೂತಿದ್ದರು.

"ಇಲ್ರಿ. ಮನಿ ಬಿಟ್ಟು ಹೊರಗ ಬಂದಿಲ್ಲ" ಎಂದರು.

ಅಂದಿನಿಂದ ಅವರಿಗೆ ಆ ಅಂಗಳದಲ್ಲಿ ಕೂತು ಹತ್ತಿ ಹಿಂಜುವುದು ಆಗಲಿಲ್ಲ. ಕೊಡ ಹೊತ್ತ ಹೆಂಗಸರು ಬಾವಿಯ ಕಡೆಯಿಂದ ಬರುವುದು ಅಲ್ಲಿಂದ ಕಾಣುತ್ತಿತ್ತು. ಸಿದ್ದೀಕಾ ಹಾಸಿಗೆಯಲ್ಲಿದ್ದಳು, ಕಾಲು ಚಾಚಲು ಬರುತ್ತಿರಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ಹೊದಿಕೆಯಲ್ಲಿ ಮುಚ್ಚಿ, ಇನ್ನೂ ಜ್ವರವೆಂದೇ ಹೇಳುತ್ತಿದ್ದರು. ಕಮಲಕ್ಕ ದಿನವೂ ಬಂದು ಅವಳ ತಲೆ ಬಾಚಿ ಹೋಗುತ್ತಿದ್ದಳು. ಮಗು ಗುಣವಾಗಲೆಂದು, ತನ್ನ ಅತ್ತೆಯ ಮಾತು ಕೇಳಿ ಉಕ್ಕಡಗಾತ್ರಿಯ ದೇವರಿಗೆ ಹರಕೆಯನ್ನೂ ಹೊತ್ತಿದ್ದಳು. ಒಂದು ದಿನ, ಬಿಸಿಲಿನಲ್ಲಿ ಬಂದ ಹಯಾತ್ ಸಾಬರಿಗೆ ತನ್ನ ಮನೆಯಿಂದ ಒಂದು ಚೊಂಬು ನೀರು ತಂದುಕೊಟ್ಟಳು.

"ಕುಡೀರಿ ಹಯಾತಣ್ಣ, ಬಾಯಿ ಒಣಗೈತೆ ನೋಡ್ರಿ."

ಅವರು ಚೊಂಬು ಹಿಡಿದು ನಿಂತರು. ಅವಳು ಆಚೆ ತಿರುಗಿದಾಗ ಗಿಡದ ಬುಡಕ್ಕೆ ಚೆಲ್ಲಿದರು. ಕಮಲಕ್ಕ ಅದನ್ನು ನೋಡಿದಳು. ಖಾಲಿ ಚೊಂಬು ತೆಗೆದುಕೊಂಡು ಹೋದಳು.

ಒಳಗೆ ಸುಗ್ರಾಬಿಗೆ ಎಲ್ಲ ಹೇಳಿದರು. ಅವಳು ಮಗಳ ಹೊದಿಕೆ ಸರಿಮಾಡಿದಳು.

"ಬಾಯಿ ಬಿಟ್ರ ಮನಿ ಹೋಗ್ತೈತಿ. ಈ ಕೂಸಿನ ಕಾಲು ಹಿಂಗ ಇಟಗೊಂಡು ಎಲ್ಲಿಗೆ ಹೋಗೋಣ?"

"ಬಾಯಿ ಬಿಡಲಿಲ್ಲ ಅಂದ್ರ ಮುಂದಿನ ವರ್ಷ ಉಮಾನ ಕಾಲು ಹಿಂಗ ಆಗ್ತೈತಿ."

"ಆಗ್ಲಿಕ್ಕೂ ಇಲ್ಲ."

"ಆಗ್ಲಿಕ್ಕೂ ಇಲ್ಲ" ಎಂದು ಅವರೂ ಹೇಳಿದರು. ಆ ಒಂದು ಮಾತಿನ ಮೇಲೆ ಇನ್ನೂ ಕೆಲವು ದಿನ ಕಳೆದರು. ಡಾಕ್ಟರು ಹೇಳಿದ್ದ ಒಂದೆರಡು ವಾರ ಅಷ್ಟರಲ್ಲಿ ಮುಗಿದಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಮಿಲ್ಲಿಗೆ ರಜೆ ಇದ್ದದ್ದರಿಂದ ಗಂಡಸರೂ ಸ್ನಾನಕ್ಕೆಂದು ಬಾವಿಯ ಹತ್ತಿರ ಸೇರಿದ್ದರು. ಏಕಾಂತಪ್ಪನವರೂ ಇದ್ದರು. ಹಯಾತ್ ಸಾಬರು ಮೇಲಿನ ಮೆಟ್ಟಿಲ ಮೇಲೆ ನಿಂತು ಹೇಳಿದರು. ಮಗಳಿಗೆ ಬಂದದ್ದು ಜ್ವರ ಅಲ್ಲ, ನಾರು. ಆ ಕಾಲನ್ನು ಈ ನೀರಿಗೆ ಇಳಿಸಿದ್ದು ತಾನು. ಡಾಕ್ಟರು ಹೀಗೆ ಹೀಗೆ ಹೇಳಿದ್ದಾರೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗದ್ದಲವೆದ್ದಿತು.

"ರೋಗ ಇಲ್ಲ ಅಂದಿದ್ಯಲ್ಲೋ ಸಾಬ?" ಏಕಾಂತಪ್ಪನವರು ಮೆಟ್ಟಿಲ ಬಳಿಗೆ ಬಂದರು. "ಬಾಯಿತುಂಬ ನಗಾಡ್ಕೊಂಡು ಹೇಳಿದ್ಯಲ್ಲೋ!"

"ಇವ್ರನ್ನ ತಂದು ಇಟ್ಕೊಂಡೋರಿಗೆ ಮೊದ್ಲು ಬುದ್ಧಿ ಇಲ್ಲ" ಎಂದು ಯಾರೋ ಕೂಗಿದರು. ಕುಬೇರಪ್ಪ ಒದ್ದೆ ಮೈಯಲ್ಲೇ ಬಂದು ಹಯಾತ್ ಸಾಬರ ಅಂಗಿ ಹಿಡಿದ. "ನನ್ ಮಗಳು ಈ ನೀರೇ ಕುಡಿಯೋದು. ಗೊತ್ತಿತ್ತಾ ನಿನಗೆ?"

"ಗೊತ್ತಿತ್ರಿ."

"ಯಾವಾಗಿಂದ?"

ಹಯಾತ್ ಸಾಬರು ಅದಕ್ಕೂ ನಿಜ ಹೇಳಿದರು. ಕುಬೇರಪ್ಪ ಅಂಗಿ ಬಿಟ್ಟ. ಹೊಡೆದಿದ್ದರೆ ವಾಸಿಯಿತ್ತು ಎಂದು ಹಯಾತ್ ಸಾಬರು ಮುಂದೆ ಎಷ್ಟೋ ಸಲ ಅಂದುಕೊಂಡರು.

ಕಮಲಕ್ಕ ಮಾತ್ರ ಕೇಳಬೇಕಾದದ್ದನ್ನು ಕೇಳಿದಳು. "ಈಗ ಏನ್ ಮಾಡ್ಬೇಕಂತೆ?"

"ಬಟ್ಟಿ ಎರಡು ಮಡಿಕಿ ಮಾಡಿ ನೀರು ಸೋಸ್ಬೇಕು ಅಕ್ಕಾ. ಬಾವ್ಯಾಗಿಂದ ಸೀದಾ ಕುಡೀಬಾರ್ದು. ಮಕ್ಳಿಗೆ ಹೇಳ್ರಿ, ಬೊಗಸಿಲೆ ಕುಡೀಬ್ಯಾಡ್ರಿ ಅಂತ."

ಪುರಸಭೆಯಿಂದ ಜನ ಬಂದು ಬಾವಿಗೆ ಸುಣ್ಣ ಹಾಕಿದರು, ಕೆಳಗಿನ ಮೆಟ್ಟಿಲುಗಳಿಗೆ ಅಡ್ಡಗೋಡೆ ಕಟ್ಟಿ ರಾಟೆ ಹಾಕಿಸಿದರು. ಅದನ್ನು ನೋಡಲು ಹಯಾತ್ ಸಾಬರ ಮನೆಯವರು ಅಲ್ಲಿರಲಿಲ್ಲ. ಎತ್ತಿನ ಗಾಡಿಯಲ್ಲಿ ಸಿದ್ದೀಕಾಳನ್ನು ಮಲಗಿಸಿಕೊಂಡು ಅವರು ಹರಿಹರಕ್ಕೆ ಹೋಗಿದ್ದರು. ಹೊರಡುವ ಮುಂಚೆ ಹಯಾತ್ ಸಾಬರು ನೀರು ಸೋಸಲೆಂದು ಹೊಸ ತೆಳು ಮಲ್ಲು ಬಟ್ಟೆಯನ್ನು ಹರಿದು, ವಠಾರದ ಮನೆಮನೆಯ ಹೊಸ್ತಿಲ ಮೇಲೆ ಒಂದೊಂದು ತುಂಡು ಇಟ್ಟು ಬಂದರು. ಕೆಲವರು ತೆಗೆದುಕೊಂಡರು. ಕೆಲವರು ಕಾಲಿನಿಂದ ಬೀದಿಗೆ ತಳ್ಳಿದರು.

ಹರಿಹರದಲ್ಲಿ ಹೊಳೆಯ ದಾರಿಯಲ್ಲಿ ಒಂದು ತಗಡಿನ ಮನೆ ಸಿಕ್ಕಿತು. ಸಿದ್ದೀಕಾಳ ಹುಣ್ಣು ಮಾಯಿತು, ಮೊಣಕಾಲು ಪೂರ್ತಿ ಚಾಚಲಿಲ್ಲ. ಅವಳು ಬೆರಳ ತುದಿಯ ಮೇಲೆ ಭಾರ ಹಾಕಿ ಕುಂಟುತ್ತ ನಡೆಯುವುದನ್ನು ಕಲಿತಳು. ಹಯಾತ್ ಸಾಬರು ಮೊದಲ ರೈಲಿಗೆ ದಾವಣಗೆರೆಗೆ ಹೋಗಿ ಓಣಿ ಓಣಿ ಸುತ್ತಿ ಸಂಜೆಯ ಗಾಡಿಗೆ ಮರಳುತ್ತಿದ್ದರು. ಹರಿಹರದಲ್ಲೂ ಕೆಲಸ ಇತ್ತು. ಅವರು ಹೋಗುತ್ತಿದ್ದುದು ಮಕ್ಕಳ ಕಾಲು ನೋಡಲು.

ವಠಾರದ ಓಣಿಗೂ ಹೋಗುತ್ತಿದ್ದರು. ಅಲ್ಲಿ ಯಾರೂ ಕರೆಯುತ್ತಿರಲಿಲ್ಲ. ಬಿಲ್ಲು ಮೀಟುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಕುಂಟೆಬಿಲ್ಲೆ ಆಡುವ ಹುಡುಗಿಯರ ಕಾಲುಗಳನ್ನು ನೋಡಿ ಬರುತ್ತಿದ್ದರು. ಮಳೆಗಾಲ ಹೋಯಿತು, ಚಳಿ ಹೋಯಿತು. ಎಲ್ಲ ಕಾಲುಗಳೂ ನೆಟ್ಟಗಿದ್ದವು. ಮತ್ತೆ ಶಿವರಾತ್ರಿ ಬಂತು. ಅದು ಕಳೆದ ಮೇಲೂ ಏನೂ ಕಾಣಲಿಲ್ಲ. ಡಾಕ್ಟರ ಲೆಕ್ಕ ತಪ್ಪಿರಬಹುದು ಎಂದು ಅವರು ಆಸೆಪಟ್ಟರು.

ಯುಗಾದಿಯ ಹತ್ತಿರ ಒಂದು ಬೆಳಿಗ್ಗೆ ಕಮಲಕ್ಕ ಬಾಗಿಲಲ್ಲಿ ನಿಂತಿದ್ದಳು.

"ಹಯಾತಣ್ಣ. ಒಳಗೆ ಬರ್ರಿ."

ಅವರು ಬಿಲ್ಲನ್ನು ಗೋಡೆಗೆ ಒರಗಿಸಿದರು. ಕೇಳುವುದೇನೂ ಉಳಿದಿರಲಿಲ್ಲ. ಉಮಾ ಚಾಪೆಯ ಮೇಲೆ ಕೂತಿದ್ದಳು. ಬಲಗಾಲಿನ ಕಣಕಾಲಿನ ಹತ್ತಿರ ಬೊಕ್ಕೆ ಒಡೆದು, ಬಿಳಿಯ ಎಳೆಯ ತುದಿ ಕಾಣುತ್ತಿತ್ತು.

"ಸೋಸಿದ್ನಪ್ಪ ನಾನು, ನೀವು ಹೇಳಿದ ದಿನದಿಂದ ಒಂದಿನ ತಪ್ಪಿಸಿಲ್ಲ" ಎಂದಳು ಕಮಲಕ್ಕ.

"ಅದಕ್ಕ ಮೊದ್ಲು ಕುಡಿದದ್ದು ಅಕ್ಕಾ. ನಾ ಸುಮ್ಮನಿದ್ದ ದಿನದ್ದು."

ಕಮಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಓಣಿಯಾಗೆ ಇವಳೊಬ್ಬಳಿಗೇ. ಡಾಕ್ಟ್ರಿಗೆ ತೋರಿಸ್ದೆ. ಸ್ವಚ್ಛ ಇಟ್ಕೊಂಡು ದಿನಾ ಸ್ವಲ್ಪ ಸ್ವಲ್ಪ ಸುತ್ರಿ, ಅವಸರ ಬ್ಯಾಡ, ನೀರಿಗೆ ಇಳಿಸ್ಬ್ಯಾಡ್ರಿ ಅಂದ್ರು. ನನ್ನ ಕೈ ನಡುಗ್ತೈತೆ. ಅವರಪ್ಪ ಮುಟ್ಟೋದೇ ಇಲ್ಲ ಅಂತಾರೆ."

"ನನ್ನ ಕೈಯಾಗ ಕೊಡ್ತೀರಾ? ನನ್ನ ಮಗಳದು ಕಿತ್ತಿದ್ದು ಇದ ಕೈ."

"ಅದಕ್ಕೇ ಕೊಡ್ತೀನಿ" ಎಂದಳು ಕಮಲಕ್ಕ. "ಇನ್ನೊಮ್ಮೆ ಕೀಳಲ್ಲ ನೀವು."

ಕುದಿಸಿ ಆರಿಸಿದ ನೀರಿನಲ್ಲಿ ಕೈ ತೊಳೆದು, ಹತ್ತಿ ಹೊಸೆದು, ಹಯಾತ್ ಸಾಬರು ಎಳೆಯ ತುದಿಯನ್ನು ಬತ್ತಿಗೆ ಸುತ್ತಿದರು. ಅಂದು ಒಂದು ಬೆರಳಿನಷ್ಟು. ಬಿಗಿಯಾಯಿತು ಅನ್ನಿಸಿದೊಡನೆ ನಿಲ್ಲಿಸಿ ಪಟ್ಟಿ ಕಟ್ಟಿದರು. ಮರುದಿನ ಮತ್ತೆ ಬಂದರು. ಆ ಬೇಸಿಗೆಯಲ್ಲಿ ದಿನವೂ ಬಂದರು. ಕೆಲವು ದಿನ ಏನೂ ಬರುತ್ತಿರಲಿಲ್ಲ. ಪಟ್ಟಿ ಬಿಚ್ಚಿ, ನೋಡಿ, ಮತ್ತೆ ಕಟ್ಟಿ ಎದ್ದುಹೋಗುತ್ತಿದ್ದರು. ಕುಬೇರಪ್ಪ ಅವರ ಜೊತೆ ಒಂದು ಮಾತನ್ನೂ ಆಡಲಿಲ್ಲ. ಆದರೆ ಹಯಾತ್ ಸಾಬರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದುದನ್ನು ನೋಡಿ, ಯಾವುದೋ ಒಂದು ದಿನದಿಂದ, ಮಿಲ್ಲಿಗೆ ಹೋಗುವ ಮುಂಚೆ ಚಾಪೆಯ ಪಕ್ಕದಲ್ಲಿ ಒಂದು ಮಣೆ ಇಟ್ಟು ಹೋಗತೊಡಗಿದ.

ಒಂದು ಭಾನುವಾರ ಸಿದ್ದೀಕಾ ತಾನೂ ಬರುತ್ತೇನೆ ಎಂದು ಹಠ ಹಿಡಿದಳು. ನಿಲ್ದಾಣದಿಂದ ಓಣಿಯವರೆಗೆ ಕುಂಟುತ್ತ ಬಂದು, ಉಮಾಳ ಪಕ್ಕದಲ್ಲಿ ಕೂತು, ಅವಳ ಕಾಲನ್ನು ತಿಳಿದವಳಂತೆ ಬಗ್ಗಿ ನೋಡಿದಳು. ವರ್ಷದ ಹಿಂದೆ ಇವಳ ಅರ್ಧದಂತಿದ್ದ ಉಮಾ ಈಗ ಹೆಚ್ಚುಕಡಿಮೆ ಇವಳಷ್ಟೇ ಕಾಣುತ್ತಿದ್ದಳು. ಬೆಳೆದದ್ದು ಉಮಾ ಅಲ್ಲ, ಬಡವಾದದ್ದು ಸಿದ್ದೀಕಾ.

"ನಿನಗೂ ಹಿಂಗೇ ನೋಯ್ತಿತ್ತೇನೆ?" ಎಂದು ಉಮಾ ಕೇಳಿದಳು.

"ಉರೀತಿತ್ತು. ಆಮ್ಯಾಲ ಹೋತು." ಸಿದ್ದೀಕಾ ಅಪ್ಪನ ಕಡೆ ನೋಡಿ ಧ್ವನಿ ತಗ್ಗಿಸಿದಳು, ಕೋಣೆಯಲ್ಲಿದ್ದವರಿಗೆಲ್ಲ ಕೇಳುವಷ್ಟು. "ನಮ್ಮಪ್ಪ ಅವಸರ ಮಾಡಿದ್ರ ಕೈ ಮ್ಯಾಲ ಹೊಡಿ. ನಾ ಹೊಡೀಲಿಲ್ಲ, ತಪ್ಪು ಮಾಡಿದೆ."

ಕಮಲಕ್ಕ ನಕ್ಕಳು. ಹಯಾತ್ ಸಾಬರು ನಗಲಿಲ್ಲ. ಅವರ ಬೆರಳುಗಳ ನಡುವೆ ಬತ್ತಿ ತಿರುಗುತ್ತಿತ್ತು. ಎಂದಿನಂತೆ ಬಿಗಿಯಾಗುವುದನ್ನು ಕಾಯುತ್ತಿದ್ದರು, ಅದು ಬಿಗಿಯಾಗಲಿಲ್ಲ. ಅವರು ಎಳೆಯಲಿಲ್ಲ, ಬರುತ್ತಿದ್ದಷ್ಟನ್ನು ಸುತ್ತಿಕೊಂಡರು. ಎಳೆಯ ಕೊನೆಯ ತುದಿ ಸಣ್ಣಗೆ ಕೊಕ್ಕೆಯಂತೆ ಬಾಗಿಕೊಂಡು ಹೊರಗೆ ಬಂತು. ಬತ್ತಿ ಅವರ ಕೈಯಲ್ಲಿ ಉಳಿಯಿತು.

ಕಮಲಕ್ಕ ಒಲೆಯ ಬೆಂಕಿ ಕೆದಕಿದಳು. ಹಯಾತ್ ಸಾಬರು ಬತ್ತಿಯನ್ನು ಅದರಲ್ಲಿ ಹಾಕಿ, ಪೂರ್ತಿ ಬೂದಿಯಾಗುವವರೆಗೆ ನಿಂತು ನೋಡಿದರು. ಉಮಾ ಎದ್ದು ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಆಮೇಲೆ ಗೋಡೆ ಬಿಟ್ಟಳು. ಕಾಲು ನೆಟ್ಟಗಿತ್ತು. ಸಿದ್ದೀಕಾ ಆ ಕಾಲನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತೆಂದು ನೋಡುವ ಧೈರ್ಯ ಹಯಾತ್ ಸಾಬರಿಗೆ ಆಗಲಿಲ್ಲ.

ಕೊಡದ ಬಾಯಿಗೆ ಮಲ್ಲು ಬಟ್ಟೆ ಕಟ್ಟಿತ್ತು, ವರ್ಷದ ಹಿಂದೆ ಅವರು ಹೊಸ್ತಿಲ ಮೇಲೆ ಇಟ್ಟುಹೋದದ್ದೇ. ತೊಳೆದು ತೊಳೆದು ತೆಳ್ಳಗಾಗಿತ್ತು. ಕಮಲಕ್ಕ ಅದನ್ನು ಸರಿಸಿ ಚೊಂಬಿನಲ್ಲಿ ನೀರು ತೆಗೆದಳು. ಕೊಡಲಿಲ್ಲ, ಅವರ ಮುಂದೆ ನೆಲದ ಮೇಲೆ ಇಟ್ಟು ನಿಂತಳು.

ಹಯಾತ್ ಸಾಬರು ಚೊಂಬು ಎತ್ತಿದರು. ಅರ್ಧ ಕುಡಿದು, ಉಳಿದರ್ಧವನ್ನು ಮಗಳಿಗೆ ಕೊಟ್ಟರು.

ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಅಪ್ಪ ಮಗಳು ಓಣಿ ದಾಟಿ ನಿಲ್ದಾಣದ ಕಡೆ ಹೊರಟರು. ಶಾಲೆಗೆ ರಜೆ ಇದ್ದ ಮಕ್ಕಳು ಅವರನ್ನು ಹಾದು ಓಡಿದರು. ಹಯಾತ್ ಸಾಬರು ಬಿಲ್ಲು ಮೀಟಲಿಲ್ಲ, ಯಾರ ಪಾದವನ್ನೂ ನೋಡಲಿಲ್ಲ. ಪಕ್ಕದಲ್ಲಿ ಒಂದು ಕಾಲು ಪೂರ್ತಿಯಾಗಿ, ಇನ್ನೊಂದು ತುದಿಬೆರಳಿನಲ್ಲಿ ನೆಲಕ್ಕೆ ತಾಗುತ್ತಿತ್ತು. ಆ ಸದ್ದಿಗೆ ತಮ್ಮ ಹೆಜ್ಜೆ ಹೊಂದಿಸಿಕೊಂಡು ನಡೆದರು.